ನನ್ನ ಹೆಸರು ದೇವರಿಗೆ ಗೊತ್ತೇ?

ಚೆನ್ನೈನ ನುಂಗಂಬಾಕ್ಕಂನಲ್ಲಿ ಎರಡು ಹಳೆಯ ಕ್ರೈಸ್ತ ಕಾಲೇಜುಗಳಿವೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಕಾಲೇಜ್ ರಸ್ತೆಯಲ್ಲಿ, ಕೂವಂ ನದಿಗೆ ಬೆನ್ನು ಕೊಟ್ಟು ನಿಂತಿರುವುದು ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು. ಬ್ರಿಟನ್ ಮತ್ತು ಉತ್ತರ ಅಮೆರಿಕದ ಪ್ರೊಟೆಸ್ಟಂಟ್ ಮಿಷನ್‌ಗಳು ಒಟ್ಟು ಸೇರಿ 1915ರಲ್ಲಿ 41 ವಿದ್ಯಾರ್ಥಿನಿಯರೊಂದಿಗೆ ಶುರುಮಾಡಿದ ಈ ಕಾಲೇಜು ಮರುವರ್ಷ ಡವ್‌ಟನ್ ಹೌಸ್ ಎಂಬ ಕಂಪನಿ ಕಾಲದ ಬಂಗಲೆಗೆ ಬಂತು. ಇನ್ನೊಂದು ಸ್ಟರ್ಲಿಂಗ್ ರಸ್ತೆಯ ಲೊಯೋಲಾ. ಫ್ರೆಂಚ್ ಪಾದ್ರಿ ಫ್ರಾನ್ಸಿಸ್ ಬರ್ಟ್ರಾಂ 1925ರಲ್ಲಿ 75 ವಿದ್ಯಾರ್ಥಿಗಳನ್ನಿಟ್ಟುಕೊಂಡು ತೆರೆದ, ಕಥೋಲಿಕರ ಯೇಸುಸಭೆಯ (ಜೆಸ್ವಿಟ್) ಕಾಲೇಜು ಅದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಕಟ್ಟಿದ್ದೂ ಇದೇ ಸಭೆ. ಲೊಯೋಲಾದ ಆವರಣದಲ್ಲಿ ಕ್ರಿಸ್ತರಾಜ ದೇವಾಲಯದ ಗೋಥಿಕ್ ಗೋಪುರವಿದೆ.

ಎರಡೂ ಆವರಣಗಳಲ್ಲಿ ಪ್ರಾರ್ಥನೆ ಸಲ್ಲುವುದು ಒಬ್ಬನೇ ದೇವರಿಗೆ. ಆದರೆ ಇವುಗಳ ಹಿಂದಿನ ಎರಡು ಪರಂಪರೆಗಳು ಒಂದು ಪ್ರಶ್ನೆಯ ಮೇಲೆ ಯುರೋಪಿನಲ್ಲಿ ಶತಮಾನಗಳ ಕಾಲ ಜಗಳವಾಡಿವೆ. ದೇವರು ಲೋಕವನ್ನು ಪ್ರೀತಿಸುತ್ತಾನೆ ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಆತ ನನ್ನನ್ನು, ಇಂಥ ಊರಿನ, ಇಂಥ ಮನೆಯ, ಇಷ್ಟೆಲ್ಲ ತಪ್ಪು ಮಾಡಿರುವ ಈ ಒಬ್ಬ ಮನುಷ್ಯನನ್ನು ಪ್ರೀತಿಸುತ್ತಾನೆಂದು ಖಚಿತವಾಗಿ ತಿಳಿಯಲು ಸಾಧ್ಯವೇ? ತಿಳಿಯುವುದಾದರೆ ಯಾವುದರಿಂದ? ಜಗಳವೆಲ್ಲ ಇದರ ಮೇಲೆ.

1547ರಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ್ದ ಕಥೋಲಿಕ ಮಹಾಸಭೆ ಇದಕ್ಕೆ ಎಚ್ಚರಿಕೆಯ ಉತ್ತರ ಕೊಟ್ಟಿತು. ದೇವರ ಕರುಣೆಯನ್ನು ಯಾರೂ ಸಂಶಯಿಸಬಾರದು. ಆದರೆ ತನಗೆ ಕೃಪೆ ಸಿಕ್ಕೇ ಸಿಕ್ಕಿದೆ ಎಂದು, ತಪ್ಪಲು ಸಾಧ್ಯವೇ ಇಲ್ಲದಷ್ಟು ಖಚಿತವಾಗಿ, ಯಾರೂ ಹೇಳಿಕೊಳ್ಳಲಾರರು ಎಂಬುದು ಅದರ ತೀರ್ಮಾನ. ಪ್ರೊಟೆಸ್ಟಂಟ್ ಸುಧಾರಕ ಲೂಥರನ ಅನುಯಾಯಿಗಳಿಗೆ ಇದು ನಂಬಿಕೆಯ ಬೇರಿಗೇ ಕೊಡಲಿ ಹಾಕಿದಂತೆ ಕಂಡಿತು. ತಂದೆ ತನ್ನನ್ನು ಪ್ರೀತಿಸುತ್ತಾನೋ ಇಲ್ಲವೋ ಎಂದು ದಿನವೂ ಹೆದರುತ್ತ ಬದುಕುವ ಮಗು ಆ ಮನೆಯ ಮಗು ಹೇಗಾದೀತು ಎಂಬುದು ಅವರ ವಾದ.

ಈ ವಾದವನ್ನು ಸಾಮಾನ್ಯ ಜನರ ಮನಸ್ಸಿಗೆ ಮುಟ್ಟಿಸಿದವರು ಮೆಥಡಿಸ್ಟ್ ಪಂಗಡದ ಮೂಲಪುರುಷ ಜಾನ್ ವೆಸ್ಲಿ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಪುಟ್ಟ ಕೂಟದಲ್ಲಿ ಅವರು ಕುಳಿತಿದ್ದರು. ಯಾರೋ ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಆಗ ತಮ್ಮ ಎದೆ ವಿಚಿತ್ರವಾಗಿ ಬೆಚ್ಚಗಾಯಿತೆಂದೂ, ಕ್ರಿಸ್ತ ತಮ್ಮ ಪಾಪಗಳನ್ನೂ ತೆಗೆದುಹಾಕಿದ ಭರವಸೆ ಸಿಕ್ಕಿತೆಂದೂ ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡರು. ಆಗಲೇ ಅವರು ದೀಕ್ಷೆ ಪಡೆದ ಪಾದ್ರಿ, ವಿದ್ವಾಂಸ, ಉಪವಾಸ ವ್ರತಗಳಲ್ಲಿ ಕಟ್ಟುನಿಟ್ಟಿನ ಮನುಷ್ಯ. ಲೋಕಕ್ಕಾಗಿ ಸತ್ತವನು ತನಗಾಗಿಯೂ ಸತ್ತನೆಂಬ ಮಾತು ಮಾತ್ರ ಅಲ್ಲಿಯವರೆಗೆ ಅವರ ಒಳಗೆ ಇಳಿದಿರಲಿಲ್ಲ.

ಆ ಸಂಜೆಯ ಬಿಸುಪು ಕನ್ನಡ ನಾಡಿಗೂ ಬಂತು. ವೆಸ್ಲಿಯನ್ ಮಿಷನ್ನಿನವರು ಮೈಸೂರು ಸೀಮೆಯಲ್ಲಿ ಶಾಲೆ, ಆಸ್ಪತ್ರೆ, ಅಚ್ಚುಕೂಟಗಳನ್ನು ನಡೆಸಿದ್ದು ಕನ್ನಡ ಓದುಗರಿಗೆ ಗೊತ್ತಿರುವ ಚರಿತ್ರೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ ಹುಟ್ಟಿದ್ದು ನುಂಗಂಬಾಕ್ಕಂನ ಮಗ್ಗುಲಲ್ಲೇ ಇರುವ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ. ಅಂದು ಅಲ್ಲಿ ಅಭಿಷಿಕ್ತರಾದ ಹೊಸ ಬಿಷಪ್ಪರಲ್ಲಿ ಮೈಸೂರಿನ ಪಿ. ಗುರುಶಾಂತ ಒಬ್ಬರು. ಹಳೆಯ ಮೈಸೂರಿನ ಹಳ್ಳಿ ಸಭೆಗಳಲ್ಲಿ ಅಜ್ಜಿಯರು ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದ ಪದ್ಧತಿಯ ಮೂಲವನ್ನು ಹುಡುಕಿದರೆ ಆಲ್ಡರ್ಸ್‌ಗೇಟಿನ ಆ ಕೂಟ ಸಿಗುತ್ತದೆ.

ವೆಸ್ಲಿಯ ಕಥೆಯನ್ನು ಪ್ರಸಂಗಿಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದನ್ನು ಹೇಳದಿರುವುದು ಜನರಿಗೆ ಮಾಡುವ ಅನ್ಯಾಯ. ಆ ಸಂಜೆ ಕಳೆದು ಇಪ್ಪತ್ತೆಂಟು ವರ್ಷವಾದ ಮೇಲೆ, 1766ರಲ್ಲಿ, ವೆಸ್ಲಿ ತಮ್ಮ ಸೋದರ ಚಾರ್ಲ್ಸ್‌ಗೆ ಒಂದು ಖಾಸಗಿ ಪತ್ರ ಬರೆದರು. ತಾನು ದೇವರನ್ನು ಪ್ರೀತಿಸುತ್ತಿಲ್ಲ, ಎಂದೂ ಪ್ರೀತಿಸಿದ್ದಿಲ್ಲ ಎಂಬ ತಪ್ಪೊಪ್ಪಿಗೆ ಅದರಲ್ಲಿದೆ. ಅಷ್ಟರಲ್ಲಿ ಅವರ ಮಾತು ಕೇಳಿ ಸಾವಿರಾರು ಗಣಿ ಕೆಲಸಗಾರರು, ನೇಕಾರರು ಭರವಸೆ ಕಂಡುಕೊಂಡಿದ್ದರು. ಇನ್ನೆರಡು ವರ್ಷಕ್ಕೆ ಮತ್ತೊಂದು ಪತ್ರದಲ್ಲಿ, ದೇವರು ತನ್ನನ್ನು ಸ್ವೀಕರಿಸಿದ್ದಾನೆಂಬ ಅರಿವು ಒಳಗೆ ಮೂಡದಿದ್ದವನು ರಕ್ಷಣೆಗೆ ಹೊರಗು ಎಂಬ ತಮ್ಮ ಮೊದಲಿನ ಬಿಗಿ ನಿಲುವನ್ನು ಎಷ್ಟೋ ವರ್ಷಗಳ ಹಿಂದೆಯೇ ಬಿಟ್ಟಿರುವುದಾಗಿ ಹೇಳಿದರು. ಅನುಭವದ ಬಿಸುಪನ್ನು ಇಡೀ ಪಂಗಡದ ಗುರುತಾಗಿ ಮಾಡಿದ ಮನುಷ್ಯನೇ, ಆ ಬಿಸುಪು ಆರಿದ ಮೇಲೂ ದೇವರ ಪ್ರೀತಿ ಉಳಿದಿರುತ್ತದೆಂದು ಒಪ್ಪಿಕೊಂಡಂತಾಯಿತು.

ಲೊಯೋಲಾದ ಕಡೆಗೆ ಬಂದರೆ ಅದೇ ಅನುಭವ ಇನ್ನೊಂದು ದಾರಿಯಲ್ಲಿ ಎದುರಾಗುತ್ತದೆ. ಕಾಲೇಜಿಗೆ ಹೆಸರು ಕೊಟ್ಟ ಇಗ್ನೇಷಿಯಸ್ ಲೊಯೋಲಾ ಮೊದಲು ಸಿಪಾಯಿ. 1521ರಲ್ಲಿ ಪ್ಯಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಹಾಸಿಗೆ ಹಿಡಿದಾಗ ಓದಿದ ಪುಸ್ತಕಗಳು ಮನಸ್ಸು ತಿರುಗಿಸಿದವು. ನಂತರ ಮನ್ರೇಸಾ ಎಂಬ ಊರಿನಲ್ಲಿ ತಪಸ್ಸಿಗೆ ಕುಳಿತಾಗ, ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳಿ ಪಾಪನಿವೇದನೆ ಮಾಡಿದರೂ ಸಮಾಧಾನ ಸಿಗದೆ, ಪ್ರಾಣ ಕಳೆದುಕೊಳ್ಳುವ ಯೋಚನೆ ತನ್ನನ್ನು ಕಾಡಿತೆಂದು ಅವರೇ ಹೇಳಿಕೊಂಡಿದ್ದಾರೆ. ಆ ನರಕದಿಂದ ಎದ್ದು ಬಂದ ಮೇಲೆ ಬರೆದ ಆತ್ಮಸಾಧನೆಯ ಕೈಪಿಡಿಗೆ 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು, ಅಂದರೆ ಟ್ರೆಂಟಿನ ತೀರ್ಮಾನವಾದ ಮರುವರ್ಷ. ಅಷ್ಟು ಖಚಿತವಾಗಿ ಯಾರೂ ಹೇಳಿಕೊಳ್ಳಲಾರರೆಂದು ಮಹಾಸಭೆ ಹೇಳಿತ್ತು. ಈ ಕೈಪಿಡಿಯೋ ಸಾಧಕನನ್ನು ಒಬ್ಬಂಟಿಯಾಗಿ ಶಿಲುಬೆಯ ಮುಂದೆ ನಿಲ್ಲಿಸಿ, ಸ್ನೇಹಿತನೊಡನೆ ಮಾತನಾಡುವಂತೆ ಮಾತನಾಡು ಎನ್ನುತ್ತದೆ.

ಆ ಕೈಪಿಡಿಯಲ್ಲಿ ಬಳಕೆಗೆ ತುಂಬ ಒದಗುವ ಒಂದು ಭಾಗವಿದೆ. ಮನಸ್ಸು ಒಣಗಿದಾಗ, ದೇವರು ಎಲ್ಲೋ ದೂರ ಸರಿದಂತೆ ಅನಿಸಿದಾಗ, ಒಳ್ಳೆಯ ದಿನಗಳಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬೇಡ ಎಂಬ ಸೂತ್ರ. ಅನಿಸಿಕೆ ಏಳುತ್ತದೆ, ಬೀಳುತ್ತದೆ. ಅದರ ಏರಿಳಿತವನ್ನು ನೋಡಿ ದೇವರ ಮನಸ್ಸನ್ನು ಅಳೆಯಲು ಹೋಗಬಾರದು. ಪುಸ್ತಕದ ಕೊನೆಯ ಧ್ಯಾನ ಪ್ರೀತಿಯ ಬಗ್ಗೆಯೇ ಇದೆ. ಪ್ರೀತಿ ಕಾಣಬೇಕಾದದ್ದು ಮಾತಿಗಿಂತ ಹೆಚ್ಚಾಗಿ ಕೃತಿಯಲ್ಲಿ ಎಂಬ ಎಚ್ಚರಿಕೆಯಿಂದ ಅದು ಶುರುವಾಗುತ್ತದೆ.

ಈ ಎಚ್ಚರಿಕೆಯನ್ನು ಅಕ್ಷರಶಃ ಬದುಕಬೇಕಾಗಿ ಬಂದವರು ಮದರ್ ತೆರೇಸಾ. 1946ರ ಸೆಪ್ಟೆಂಬರಿನಲ್ಲಿ ಡಾರ್ಜಿಲಿಂಗ್ ರೈಲಿನಲ್ಲಿ ಅವರಿಗೆ ಬಡವರ ಸೇವೆಯ ಕರೆ ಬಂತು. ಕೆಲಸ ಶುರುವಾದ ಸ್ವಲ್ಪ ಕಾಲಕ್ಕೇ ಒಳಗೆ ಕತ್ತಲೆ ಕವಿಯಿತು. ಒಂದು ಸಣ್ಣ ಬಿಡುವನ್ನು ಬಿಟ್ಟರೆ ಸುಮಾರು ಐವತ್ತು ವರ್ಷ ಅದು ಹರಿಯಲೇ ಇಲ್ಲವೆಂಬುದು 2007ರಲ್ಲಿ ಅವರ ಪತ್ರಗಳು ಅಚ್ಚಾದಾಗ ಜಗತ್ತಿಗೆ ಗೊತ್ತಾಯಿತು. ಕೆಲವರು ಇದನ್ನು ಅವರ ನಂಬಿಕೆ ಪೊಳ್ಳಾಗಿತ್ತೆಂಬುದಕ್ಕೆ ಪುರಾವೆ ಎಂದರು. ಪುಣೆಯಲ್ಲಿದ್ದ ಯೇಸುಸಭೆಯ ಪಾದ್ರಿ ಜೋಸೆಫ್ ನಾಯ್ನರ್ 1961ರ ಹೊತ್ತಿಗೆ ಇದನ್ನು ಬೇರೆ ರೀತಿ ಓದಿದ್ದರು. ಇಲ್ಲದ ಒಬ್ಬರಿಗಾಗಿ ಯಾರೂ ಇಷ್ಟು ಹಂಬಲಿಸುವುದಿಲ್ಲ, ಈ ಹಂಬಲವೇ ಆತ ಇರುವುದರ ಗುರುತು ಎಂಬುದು ಅವರು ಕೊಟ್ಟ ಸಮಾಧಾನದ ಸಾರ. ತರ್ಕದ ತಕ್ಕಡಿಗೆ ಹಾಕಿದರೆ ಹಂಬಲದಿಂದ ಇರುವಿಕೆ ಸಿದ್ಧವಾಗುವುದಿಲ್ಲ, ನಿಜ. ಆದರೆ ಅನಿಸದೇ ಇರುವುದರಿಂದ ಇಲ್ಲದಿರುವಿಕೆಯೂ ಸಿದ್ಧವಾಗುವುದಿಲ್ಲ. ಅದಕ್ಕೂ ಹಿಂದೆ, ಫ್ರಾನ್ಸಿನ ಸನ್ಯಾಸಿನಿ ಲಿಸ್ಯೂವಿನ ತೆರೇಸಾ ತನ್ನ ಕೊನೆಯ ಒಂದೂವರೆ ವರ್ಷ ಇಂಥದ್ದೇ ಕತ್ತಲೆಯಲ್ಲಿ ಕಳೆದು, 1897ರಲ್ಲಿ ಇಪ್ಪತ್ನಾಲ್ಕನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡಳು. ಲೊಯೋಲಾ ಕಾಲೇಜು ತೆರೆದ 1925ರಲ್ಲೇ ರೋಮ್ ಅವಳನ್ನು ಸಂತಳೆಂದು ಸಾರಿತು.

ಹೀಗೆ, ದೇವರ ಪ್ರೀತಿಯನ್ನು ಅಳೆಯಲು ಅನಿಸಿಕೆ ಸಾಲದೆಂಬಲ್ಲಿಗೆ ವೆಸ್ಲಿಯ ದಾರಿಯೂ ಲೊಯೋಲಾದ ದಾರಿಯೂ ಬಂದು ಕೂಡುತ್ತವೆ. ಮೊದಲಿನ ಜಗಳ ಈಗ ವಿದ್ವಾಂಸರಿಗೆ ಬಿಟ್ಟ ವಿಷಯ. ಇವತ್ತಿನ ಕ್ರೈಸ್ತರಿಗೆ ಹೆಚ್ಚು ಅಪಾಯಕಾರಿಯಾದ ಅಳತೆಗೋಲು ಇನ್ನೊಂದಿದೆ: ಕೇಳಿದ್ದು ಸಿಕ್ಕಿತೋ ಇಲ್ಲವೋ ಎಂಬುದು.

ನಿತ್ಯಸಹಾಯ ಮಾತೆಯ ನೊವೇನಾ ಪ್ರಾರ್ಥನೆಗಳಲ್ಲಿ ಭಕ್ತರ ಚೀಟಿಗಳನ್ನು ಓದುವ ಪದ್ಧತಿಯಿದೆ. ಮೊದಲು ಬೇಡಿಕೆಗಳು, ಆಮೇಲೆ ಕೃತಜ್ಞತೆಗಳು. ಮಗನಿಗೆ ಕೆಲಸ ಸಿಕ್ಕಿತು, ಮಗಳಿಗೆ ಸಂಬಂಧ ಕೂಡಿಬಂತು, ಆಪರೇಷನ್ ಸುಸೂತ್ರವಾಯಿತು, ಸೈಟಿನ ತಕರಾರು ಮುಗಿಯಿತು. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಗುರುವಾರ ಸೇರುವ ಜನರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಕಾರ್ಕಳದ ಅತ್ತೂರಿನ ಜಾತ್ರೆಗೆ ಹರಕೆ ಹೊತ್ತವರು ಜನವರಿಯಲ್ಲಿ ತಂಡೋಪತಂಡವಾಗಿ ಬರುತ್ತಾರೆ. ನುಂಗಂಬಾಕ್ಕಂನ ಅಂಚಿನ ಜೆಮಿನಿ ಸರ್ಕಲ್ಲಿನಲ್ಲಿ ಅಮೆರಿಕದ ದೂತಾವಾಸವಿದೆ. ಕೈಯಲ್ಲಿ ಫೈಲು ಹಿಡಿದು ಆ ಬಾಗಿಲಿಗೆ ಹೋಗುವ ಇಂಜಿನಿಯರ್ ಹುಡುಗರ ಪಾಲಿಗೆ ದೇವರ ದಯೆ ಅಂದಿನ ಮಟ್ಟಿಗೆ ಪಾಸ್‌ಪೋರ್ಟಿನ ಮೇಲೆ ಬೀಳಬೇಕಾದ ಒಂದು ಮುದ್ರೆ.

ಈ ಜನರನ್ನು ಹೀಗಳೆಯಬಾರದು. ಕಷ್ಟದಲ್ಲಿದ್ದವರು ಕೇಳುತ್ತಾರೆ, ಕೇಳಿರೆಂದು ಯೇಸುವೇ ಹೇಳಿದ್ದಾನೆ. ಕೃತಜ್ಞತೆಯೂ ದೊಡ್ಡ ಗುಣ. ತೊಂದರೆಯಿರುವುದು ಕೃತಜ್ಞತೆಯಿಂದ ತೀರ್ಮಾನಕ್ಕೆ ಹಾರುವ ಜಾಗದಲ್ಲಿ: ನನಗೆ ಸಿಕ್ಕಿತು, ಆದ್ದರಿಂದ ದೇವರು ನನ್ನನ್ನು ಪ್ರೀತಿಸುತ್ತಾನೆ. ಈ ಮಾತು ಕಿವಿಗೆ ಬೀಳುವಾಗ ಹಿಂದಿನ ಬೆಂಚಿನಲ್ಲಿ ಕುಳಿತಿರುವ, ಹತ್ತು ವರ್ಷದಿಂದ ಮಗುವಿಗಾಗಿ ಬೇಡುತ್ತಿರುವ ಹೆಣ್ಣುಮಗಳು ಏನೆಂದುಕೊಳ್ಳಬೇಕು? ಅದರ ಎರಡನೆಯ ಅರ್ಧವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವಳಿಗೆ ಅದು ಕೇಳಿಸುತ್ತದೆ.

ಇನ್ನೊಬ್ಬ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್‌ನ ಅನುಯಾಯಿಗಳ ಚರಿತ್ರೆಯಲ್ಲಿ ಇದರ ಒಂದು ಹಳೆಯ ಮಾದರಿಯಿದೆ. ಯಾರು ಆಯ್ಕೆಯಾದವರು ಎಂಬುದು ದೇವರ ಗುಟ್ಟು ಎಂದ ಮೇಲೆ, ಗುಟ್ಟು ಬಯಲಾಗುವ ಕುರುಹುಗಳಿಗಾಗಿ ಜನ ತಡಕಾಡಿದರು. ದುಡಿಮೆಯ ಯಶಸ್ಸಿನಲ್ಲಿ ಆ ಕುರುಹನ್ನು ಕಂಡರೆಂದು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904–05ರಲ್ಲಿ ಬರೆದರು. ಅವರ ಸಿದ್ಧಾಂತದ ಮೇಲೆ ಚರಿತ್ರಕಾರರ ತಕರಾರುಗಳು ಬೇಕಾದಷ್ಟಿವೆ. ಮನಸ್ಸಿನ ಆ ಜಾಡನ್ನು ಮಾತ್ರ ಅವರು ಸರಿಯಾಗಿಯೇ ಹಿಡಿದಿದ್ದರು. ಅಭಯ ಸಿಗದ ಕಡೆ ಮನುಷ್ಯ ಲೆಕ್ಕಪತ್ರ ನೋಡತೊಡಗುತ್ತಾನೆ.

ಲೆಕ್ಕಪತ್ರ ಪೂರ್ತಿ ಮುರಿದುಬಿದ್ದ ದಿನ 2004ರ ಡಿಸೆಂಬರ್ 26. ಕ್ರಿಸ್‌ಮಸ್ಸಿನ ಮರುದಿನ, ಭಾನುವಾರದ ಬೆಳಿಗ್ಗೆ. ಸುನಾಮಿಗೆ ತಮಿಳುನಾಡಿನಲ್ಲಿ ಸುಮಾರು 8,000 ಜನ ಬಲಿಯಾದರು; ನಾಗಪಟ್ಟಿಣಂ ಜಿಲ್ಲೆಯ ಪಾಲೇ ಅದರಲ್ಲಿ ದೊಡ್ಡದು. ಆ ಜಿಲ್ಲೆಯಲ್ಲಿ ಮೇರಿಮಾತೆಯ ಯಾತ್ರಾಸ್ಥಳವಾದ ವೇಳಾಂಕಣ್ಣಿಗೆ ಹಬ್ಬಕ್ಕೆ ಬಂದಿದ್ದ ಯಾತ್ರಿಕರಲ್ಲಿ ಬೆಸಿಲಿಕಾದೊಳಗೆ ಪೂಜೆಯಲ್ಲಿದ್ದವರು ಉಳಿದರು. ಕಡಲ ದಂಡೆಗೆ ಹೋಗಿದ್ದವರು, ತೇರುಬೀದಿಯಂಥ ಅಂಗಡಿ ಸಾಲಿನಲ್ಲಿದ್ದವರು ನೂರಾರು ಸಂಖ್ಯೆಯಲ್ಲಿ ಕೊಚ್ಚಿಹೋದರು. ಮಾತೆಯ ಪವಾಡದಿಂದ ಉಳಿದೆವು ಎಂದು ಬದುಕಿದವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಸಾವಿನ ದವಡೆಯಿಂದ ಬಂದವರ ಬಾಯಲ್ಲಿ ಆ ಮಾತು ಸಹಜ. ಅದನ್ನು ಒಂದು ಸಿದ್ಧಾಂತವಾಗಿ ಮಾಡಿದರೆ ಮಾತ್ರ ಭಯಂಕರವಾಗುತ್ತದೆ. ದಂಡೆಯಲ್ಲಿ ಸತ್ತ ಮಕ್ಕಳೂ ಅದೇ ಮಾತೆಯನ್ನು ನೋಡಲು ಬಂದವರೇ, ಅವರ ತಾಯಂದಿರೂ ಅಲ್ಲೇ ಮೊಂಬತ್ತಿ ಹಚ್ಚಿದವರೇ.

ಯೇಸು ಈ ಸಿದ್ಧಾಂತವನ್ನು ನೇರವಾಗಿಯೇ ತಳ್ಳಿಹಾಕಿದ್ದಾನೆ. ಸಿಲೋವದಲ್ಲಿ ಗೋಪುರ ಕುಸಿದು ಹದಿನೆಂಟು ಜನ ಸತ್ತಾಗ, ಅವರು ಜೆರುಸಲೇಮಿನ ಉಳಿದವರಿಗಿಂತ ಪಾಪಿಷ್ಠರೆಂದು ಭಾವಿಸಬೇಡಿ ಎಂದು ಹೇಳಿದ್ದು ಲೂಕನ ಸುವಾರ್ತೆಯಲ್ಲಿದೆ. ಹುಟ್ಟುಕುರುಡನ ವಿಷಯದಲ್ಲೂ ಶಿಷ್ಯರು ಯಾರ ಪಾಪ ಇದು ಎಂದು ಕೇಳಿದಾಗ ಉತ್ತರ ಅದೇ ಧಾಟಿಯದು. ಇವುಗಳಿಗಿಂತ ದೊಡ್ಡ ಪುರಾವೆ ಆತನ ಬದುಕೇ. ಸುವಾರ್ತೆಗಳಲ್ಲಿ ಆಕಾಶವಾಣಿಯಾಗಿ ಪ್ರಿಯ ಮಗನೆಂದು ಕರೆಸಿಕೊಂಡವನು ಒಬ್ಬನೇ. ಗೆತ್ಸೆಮನೆಯ ತೋಪಿನಲ್ಲಿ, ಈ ಸಂಕಟ ತಪ್ಪಲಿ ಎಂದು ಆತ ಕೇಳಿಕೊಂಡ ಬೇಡಿಕೆ ಈಡೇರಲಿಲ್ಲ. ಶಿಲುಬೆಯ ಮೇಲೆ, ನನ್ನನ್ನೇಕೆ ಕೈಬಿಟ್ಟೆ ಎಂದು ಕೂಗಿ ಸತ್ತ. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ಕ್ರಿಸ್ತನ ಕೊನೆಯ ದಿನವನ್ನೇ ವಸ್ತುವಾಗಿ ಆರಿಸಿಕೊಂಡು ಕನ್ನಡದಲ್ಲಿ ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬರೆದರು. ಆ ದಿನದಲ್ಲಿ ಸಿಕ್ಕಿದ್ದೇನೂ ಇಲ್ಲ, ಕಳೆದುಕೊಂಡದ್ದೇ ಎಲ್ಲ. ಪ್ರೀತಿಗೆ ಪಾತ್ರನಾದ ಮಗನಿಗೇ ವಿನಾಯಿತಿ ಸಿಗಲಿಲ್ಲವೆಂದ ಮೇಲೆ, ವಿನಾಯಿತಿಯನ್ನೇ ಪ್ರೀತಿಯ ಗುರುತೆಂದು ಸಾರುವ ಪ್ರಸಂಗಿ ಯಾವ ಸುವಾರ್ತೆಯನ್ನು ಸಾರುತ್ತಿದ್ದಾನೆಂದು ಕೇಳಬೇಕಾಗುತ್ತದೆ.

ಇಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಅವರ ಆಕ್ಷೇಪವನ್ನೂ ಎದುರಿಸಬೇಕು. 1927ರ ತಮ್ಮ ಪುಸ್ತಕದಲ್ಲಿ ಅವರು, ಅಸಹಾಯಕ ಮನುಷ್ಯ ತನ್ನ ಬಾಲ್ಯದ ತಂದೆಯನ್ನು ಆಕಾಶದಷ್ಟು ದೊಡ್ಡದಾಗಿ ಹಿಗ್ಗಿಸಿ ಅದನ್ನೇ ದೇವರೆಂದ, ಧರ್ಮ ಒಂದು ಆಸೆಯ ಫಲ ಎಂದರು. ಕೆಲಸ, ವೀಸಾ, ಸಂಬಂಧಗಳನ್ನು ಒದಗಿಸುವುದರಿಂದಲೇ ರುಜುವಾತಾಗುವ ದೇವರಿಗೆ ಈ ಟೀಕೆ ಸರಿಯಾಗಿ ತಾಗುತ್ತದೆ. ಅದನ್ನು ಕ್ರೈಸ್ತರು ವಿನಯದಿಂದ ಒಪ್ಪಿಕೊಳ್ಳುವುದು ಒಳ್ಳೆಯದು. ಗೆತ್ಸೆಮನೆಯಲ್ಲಿ ಮೌನವಾಗಿದ್ದ ತಂದೆ ಮಾತ್ರ ಯಾರ ಆಸೆಯಿಂದಲೂ ಹುಟ್ಟುವಂಥವನಲ್ಲ. ಆಸೆ ಕಟ್ಟುವ ತಂದೆ ಮಗನನ್ನು ಶಿಲುಬೆಯಿಂದ ಇಳಿಸುತ್ತಿದ್ದ.

ಇನ್ನೊಂದು ಆಕ್ಷೇಪ ಲೆಕ್ಕದ್ದು. ವಿಶ್ವಸಂಸ್ಥೆಯ ಅಂದಾಜಿನಂತೆ 2022ರ ನವೆಂಬರಿನಲ್ಲಿ ಜಗತ್ತಿನ ಜನಸಂಖ್ಯೆ 800 ಕೋಟಿ ದಾಟಿತು, ನಕ್ಷತ್ರಗಳಿಗಂತೂ ಎಣಿಕೆಯಿಲ್ಲ. ಇದನ್ನೆಲ್ಲ ಮಾಡಿದವನು ನುಂಗಂಬಾಕ್ಕಂನ ಒಂದು ಪಿ.ಜಿ.ಯಲ್ಲಿ ನಿದ್ದೆ ಬಾರದೆ ಮಲಗಿರುವ ಹಾಸನದ ಹುಡುಗಿಯ ಹೆಸರು ಬಲ್ಲನೇ? ಕೇಳಲು ಬಲವಾಗಿ ಕಾಣುವ ಈ ಆಕ್ಷೇಪ ಮನುಷ್ಯನ ಮಿತಿಯೊಂದನ್ನು ದೇವರ ಮೇಲೆ ಹೇರುತ್ತದೆ. ನಮ್ಮ ಗಮನ ಹಂಚಿದಷ್ಟೂ ತೆಳುವಾಗುತ್ತದೆ; ನಲವತ್ತು ಮಕ್ಕಳಿರುವ ತರಗತಿಯಲ್ಲಿ ಟೀಚರು ಒಂದು ಮಗುವಿಗೆ ಕೊಡಬಹುದಾದದ್ದು ಸ್ವಲ್ಪವೇ. ದೇವರು ಇದ್ದಾನೆಂದು ವಾದಕ್ಕಾದರೂ ಒಪ್ಪಿದರೆ, ಆತನ ಗಮನವೂ ಹೀಗೆ ತೆಳುವಾಗುತ್ತದೆಂದು ಹೇಳಲು ಆಧಾರವಿಲ್ಲ. ದೇವರಿದ್ದಾನೆಯೇ ಎಂಬ ಪ್ರಶ್ನೆ ಬೇರೆ, ಅದನ್ನು ಜನಗಣತಿಯಿಂದ ಬಗೆಹರಿಸಲಾಗದು.

ದಕ್ಷಿಣ ಭಾರತದ ಓದುಗರಿಗೆ ಇವೆಲ್ಲ ಹೊಸ ಚರ್ಚೆಗಳೂ ಅಲ್ಲ. ಮೇಲುಕೋಟೆಯ, ನುಂಗಂಬಾಕ್ಕಂಗೆ ದೂರವಲ್ಲದ ತಿರುವಲ್ಲಿಕ್ಕೇಣಿಯ ಶ್ರೀವೈಷ್ಣವರು ಇದನ್ನೇ ಶತಮಾನಗಳ ಕಾಲ ವಾದಿಸಿದ್ದಾರೆ. ತಾಯಿಯ ಹೊಟ್ಟೆಯನ್ನು ತಾನೇ ತಬ್ಬಿ ಹಿಡಿಯುವ ಕೋತಿಮರಿಯಂತೆ ಭಕ್ತನೂ ಹಿಡಿಯಬೇಕು ಎಂದರು ವಡಗಲೆಯವರು. ತಾಯಿ ಬೆಕ್ಕು ಬಾಯಲ್ಲಿ ಕಚ್ಚಿ ಒಯ್ಯುವ ಮರಿಗೆ ಹಿಡಿಯುವ ಕೆಲಸವೂ ಇಲ್ಲವೆಂದರು ತೆಂಗಲೆಯವರು. ಜರ್ಮನ್ ವಿದ್ವಾಂಸ ರುಡಾಲ್ಫ್ ಒಟ್ಟೋ 1930ರಲ್ಲಿ ಇದನ್ನು ಕ್ರೈಸ್ತರ ಕೃಪಾಸಿದ್ಧಾಂತದ ಪಕ್ಕದಲ್ಲಿಟ್ಟು ಬರೆದರು. ಅದಕ್ಕೂ ಮೊದಲು, ಮುಂದೆ ಕೊಯಮತ್ತೂರಿನ ಬಿಷಪ್ಪರಾದ ಎ.ಜೆ. ಅಪ್ಪಾಸಾಮಿ, ಯೋಹಾನನ ಸುವಾರ್ತೆಯನ್ನು ಭಕ್ತಿಮಾರ್ಗವಾಗಿ ಓದಿ ತೋರಿಸಿದ್ದರು. ಉಡುಪಿಯ ಕನಕನ ಕಿಂಡಿಯ ಐತಿಹ್ಯ ಬಲ್ಲ ಕನ್ನಡಿಗರಿಗೆ ದೇವರು ಒಬ್ಬನಿಗಾಗಿ ತಿರುಗುತ್ತಾನೆಂಬುದು ಪರಕೀಯ ಕಲ್ಪನೆಯಲ್ಲ. ಆ ಐತಿಹ್ಯದಲ್ಲಿ ಗಮನಿಸಬೇಕಾದದ್ದು ಕನಕ ನಿಂತಿದ್ದ ಜಾಗ. ದೇವರು ತಿರುಗಿದ್ದು ಗರ್ಭಗುಡಿಯ ಎದುರು ಹಕ್ಕಿನಿಂದ ನಿಂತವರತ್ತ ಅಲ್ಲ, ಒಳಗೆ ಬಿಟ್ಟುಕೊಳ್ಳದೆ ಹೊರಗಿಟ್ಟವನತ್ತ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕುರುಬ ಹುಡುಕಿಕೊಂಡು ಹೋದದ್ದೂ ಕಾಣೆಯಾದ ಕುರಿಯನ್ನೇ.

ವ್ಯಕ್ತಿಗತವಾಗಿ ಪ್ರೀತಿಸುವುದೆಂದರೆ ಪಕ್ಷಪಾತ ಮಾಡುವುದು ಎಂದುಕೊಳ್ಳುವುದು ಸುಲಭ. ಬೈಬಲಿನ ದೇವರು ಆರಿಸಿಕೊಳ್ಳುವ ದೇವರು ಎನ್ನುವುದಂತೂ ನಿಜ. ಆಯ್ಕೆ ಏತಕ್ಕೆ ಎಂಬುದನ್ನು ಬಿಡಿಸಿ ಹೇಳಿದವರು ಲೆಸ್ಲಿ ನ್ಯೂಬಿಗಿನ್. 1947ರಲ್ಲಿ ಗುರುಶಾಂತರೊಡನೆ ಅದೇ ಕಥೀಡ್ರಲಿನಲ್ಲಿ ಬಿಷಪ್ಪರಾಗಿ, 1965ರಿಂದ 1974ರವರೆಗೆ ಮದ್ರಾಸಿನ ಬಿಷಪ್ಪರಾಗಿದ್ದವರು. ದೇವರು ಒಬ್ಬರನ್ನು ಆರಿಸುವುದು ಉಳಿದವರನ್ನು ಬಿಡುವುದಕ್ಕಲ್ಲ, ಉಳಿದವರ ಬಳಿಗೆ ಕಳಿಸುವುದಕ್ಕೆ ಎಂಬುದು ಅವರ ವಾದದ ತಿರುಳು. ಆರಿಸಲ್ಪಟ್ಟವನು ಅದನ್ನು ತನ್ನ ಸವಲತ್ತೆಂದು ತಿಳಿದ ಕ್ಷಣವೇ ಆಯ್ಕೆಯ ಉದ್ದೇಶ ಕೆಡುತ್ತದೆ. ಮದ್ರಾಸಿನ ಕೊಳೆಗೇರಿಗಳ ನಡುವೆ ಓಡಾಡಿದ ಬಿಷಪ್ಪರೊಬ್ಬರು ಹೀಗೆ ಬರೆದದ್ದಕ್ಕೆ ತೂಕ ಹೆಚ್ಚು.

ಈ ಮಾತಿನ ಬೆಳಕಿನಲ್ಲಿ ತಮಿಳುನಾಡಿನ ಸಭೆಗಳನ್ನು ನೋಡಿದರೆ ನಾಚಿಕೆಯಾಗುತ್ತದೆ. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನು ಬೇರೆ ಮಾಡುವ ಗೋಡೆ ಎದ್ದು ನಿಂತು ದೊಡ್ಡ ವಿವಾದವಾಯಿತು. ಕಥೋಲಿಕ ಬಿಷಪ್ಪರ ರಾಷ್ಟ್ರೀಯ ಮಂಡಳಿಯೇ 2016ರ ಡಿಸೆಂಬರಿನಲ್ಲಿ ಹೊರತಂದ ದಲಿತ ಸಬಲೀಕರಣದ ನೀತಿಯಲ್ಲಿ, ಸಭೆಯೊಳಗೆ ಅಸ್ಪೃಶ್ಯತೆ ಇರುವುದನ್ನು ಒಪ್ಪಿಕೊಂಡಿತು. ಭಾನುವಾರ ಎದೆ ಮುಟ್ಟಿಕೊಂಡು ದೇವರು ನನ್ನನ್ನು ಹೆಸರು ಹಿಡಿದು ಕರೆದ ಎನ್ನುವವರೇ ಸತ್ತವನ ಜಾತಿ ನೋಡಿ ಗುಂಡಿ ತೋಡಿಸಿದರೆ, ಅವರ ಭರವಸೆ ಎಷ್ಟೇ ಬೆಚ್ಚಗಿದ್ದರೂ ಅದರಲ್ಲಿ ಹುಳುಕಿದೆ. ಪ್ರೀತಿಗೆ ಪಾತ್ರನಾದೆನೆಂದು ನಿಜವಾಗಿ ನಂಬಿದವನಿಗೆ ಇನ್ನೊಬ್ಬನನ್ನು ಕೆಳಗಿಟ್ಟು ತನ್ನ ಎತ್ತರ ಅಳೆದುಕೊಳ್ಳುವ ಅಗತ್ಯ ಉಳಿಯಬಾರದು.

ಭರವಸೆಗೆ ಕೈಕಾಲು ಬಂದ ಉದಾಹರಣೆಗಳೂ ಇವೆ, ನಮ್ಮ ಕರಾವಳಿಯಲ್ಲೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪಾದ್ರಿಗಳು ವೈಯಕ್ತಿಕ ಭಕ್ತಿಯನ್ನೇ ಉಸಿರಾಡಿದ ಜರ್ಮನ್ ಪಯಟಿಸ್ಟ್ ಮನೆಗಳ ಮಕ್ಕಳು. ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ಕೋಲಾಹಲವಾಯಿತು. ಮನೆಯವರು ಕೈಬಿಟ್ಟರು, ಹೆಂಡತಿ ಜೊತೆಗೆ ಬರಲಿಲ್ಲ. ಬಿಲ್ಲವರೂ ಮತ್ತಿತರರೂ ಕ್ರೈಸ್ತರಾದಾಗ ಮನೆಯ ಜೊತೆ ಹೊಟ್ಟೆಪಾಡೂ ಹೋಯಿತು. ದೇವರು ನಿಮ್ಮನ್ನು ಪ್ರೀತಿಸುತ್ತಾನೆ ಎಂಬ ಮಾತನ್ನಷ್ಟೇ ಅವರ ಕೈಗೆ ಕೊಟ್ಟು ಕಳಿಸುವುದು ಕ್ರೌರ್ಯವಾಗುತ್ತಿತ್ತು. ಮಿಷನ್ ಮಗ್ಗಗಳನ್ನು ಹಾಕಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚು ಅರಬ್ಬೀ ಸಮುದ್ರದಾಚೆಗೂ ಹೋಗಿ ಹೆಸರು ಮಾಡಿತು. ಅದರ ಹಿಂದಿದ್ದದ್ದು, ಮನೆಯಿಂದ ಹೊರಬಿದ್ದವರಿಗೆ ಕೂಲಿ ಕೊಡಬೇಕಾದ ಸರಳ ಅಗತ್ಯ. ಕಾರ್ಖಾನೆಯ ಶಿಸ್ತು ಬಿಗಿಯಾಗಿತ್ತು, ಧಣಿತನವೂ ಇತ್ತು. ಅಷ್ಟಾದರೂ, ಪ್ರೀತಿಯ ಸಂದೇಶಕ್ಕೆ ಸಂಬಳದ ಪುಸ್ತಕವೂ ಬೇಕೆಂದು ಕಂಡುಕೊಂಡದ್ದು ಆ ಕಾಲದ ದೊಡ್ಡ ವಿವೇಕ.

ನುಂಗಂಬಾಕ್ಕಂಗೆ ಮರಳಿದರೆ ಅಲ್ಲಿ ಪಿಯೇರ್ ಸೆರಾಕ್ ಸಿಗುತ್ತಾರೆ. 1914ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, 1931ರಲ್ಲಿ ಯೇಸುಸಭೆ ಸೇರಿ, 1937ರಲ್ಲಿ ಭಾರತಕ್ಕೆ ಬಂದವರು. ಅವರ ಒಬ್ಬ ಅಣ್ಣ ಫ್ರಾನ್ಸಿನ ಉದ್ಯಮಪತಿಗಳ ಒಕ್ಕೂಟದ ಅಧ್ಯಕ್ಷರಾದರು. ಇವರು ತಮಿಳು, ಸಂಸ್ಕೃತ ಕಲಿತು, ಕಥೋಲಿಕ ವಿದ್ಯಾರ್ಥಿ ಒಕ್ಕೂಟದ ಮಾರ್ಗದರ್ಶಕರಾಗಿ ಕಾಲೇಜು ಹುಡುಗರನ್ನು ಹಳ್ಳಿಗಳ ಶ್ರಮದಾನಕ್ಕೆ ಕರೆದೊಯ್ದರು. ಒಣ ನೆಲದ ಮಾನಾಮದುರೈಯಲ್ಲಿ ಮಾದರಿ ಜಮೀನು ಮಾಡಿ ಬಾವಿಗಳನ್ನು ತೋಡಿಸಿದರು. 1980ರಲ್ಲಿ, ಅರವತ್ತಾರರ ಪ್ರಾಯದಲ್ಲಿ, ಕಾಂಬೋಡಿಯದ ನಿರಾಶ್ರಿತರ ನಡುವೆ ಕೆಲಸ ಮಾಡಲು ಥಾಯ್ಲೆಂಡಿನ ಗಡಿಗೆ ಹೋಗಿ ಹತ್ತು ವರ್ಷಕ್ಕೂ ಹೆಚ್ಚು ಅಲ್ಲೇ ಇದ್ದರು. ಮತ್ತೆ ಚೆನ್ನೈಗೆ ಬಂದು ಲೊಯೋಲಾದಲ್ಲಿ ನೆಲೆಸಿ, ಅನಾಥ ಮಕ್ಕಳ ಊಟ, ಶಾಲೆಯ ಫೀಜು ನೋಡಿಕೊಂಡು, 2012ರ ಮೇ 30ರಂದು 98ನೇ ವಯಸ್ಸಿನಲ್ಲಿ ತೀರಿಕೊಂಡರು. ತಾನು ಪ್ರೀತಿಸಲ್ಪಟ್ಟವನೋ ಅಲ್ಲವೋ ಎಂಬ ಚಿಂತೆ ಬಗೆಹರಿದಿದ್ದ ಮನುಷ್ಯನಿಗೆ ಇನ್ನೊಬ್ಬರತ್ತ ನೋಡಲು ಎಷ್ಟು ಬಿಡುವು ಸಿಗುತ್ತದೆಂಬುದಕ್ಕೆ ಆ ಎಪ್ಪತ್ತೈದು ವರ್ಷಗಳು ಲೆಕ್ಕ ಕೊಡುತ್ತವೆ.

ಆದರೆ ಸೆರಾಕ್ ಅವರಂಥವರನ್ನು ಮುಂದಿಟ್ಟರೆ ಕೂಡಲೇ ಇನ್ನೊಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಕೃತಿಯೇ ಗುರುತು ಎನ್ನುವುದಾದರೆ ಹಾಸಿಗೆ ಹಿಡಿದವರ ಗತಿ? ಪಾರ್ಶ್ವವಾಯು ಹೊಡೆದು ಮಾತೂ ಹೋಗಿರುವ ಮುದುಕಿ ಯಾವ ಬಾವಿ ತೋಡಿಯಾಳು? ಖಿನ್ನತೆಯಿಂದ ಬಾಗಿಲು ಹಾಕಿಕೊಂಡ ಹುಡುಗ ಯಾರಿಗೆ ಅನ್ನ ಹಾಕಿಯಾನು? ಅನಿಸಿಕೆಯೂ ಇಲ್ಲ, ವರವೂ ಇಲ್ಲ, ಈಗ ಕೃತಿಯೂ ಇಲ್ಲವೆಂದರೆ ಅವರಿಗೆ ಉಳಿಯುವುದೇನು?

ಚೆನ್ನೈನ ಒಬ್ಬ ಪ್ರಸಿದ್ಧ ಪ್ರಸಂಗಿಯ ಬದುಕು ಇಲ್ಲಿ ನೆನಪಾಗುತ್ತದೆ. 1955ರಲ್ಲಿ ಬದುಕು ಬೇಡವಾಗಿ ರೈಲು ಹಳಿಯತ್ತ ಹೊರಟಿದ್ದಾಗ ಬಂಧುವೊಬ್ಬರು ಎದುರಾಗಿ ಯೇಸುವಿನ ಪ್ರೀತಿಯ ಮಾತು ಹೇಳಿದ್ದರಿಂದ ತಾನು ಉಳಿದೆನೆಂದು ಡಿ.ಜಿ.ಎಸ್. ದಿನಕರನ್ ಹೇಳಿಕೊಳ್ಳುತ್ತಿದ್ದರು. ಮುಂದೆ ಅವರು ಕಟ್ಟಿದ ಪ್ರಾರ್ಥನಾ ಗೋಪುರಗಳಿಗೆ ಜನ ಫೋನ್ ಮಾಡಿ ತಮ್ಮ ಹೆಸರಿನಲ್ಲಿ ಪ್ರಾರ್ಥಿಸಿರೆಂದು ಕೇಳಿಕೊಂಡರು. ಬೃಹತ್ ಕೂಟಗಳಲ್ಲಿ ಅವರು ವೇದಿಕೆಯಿಂದ ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಿದ್ದರು. ಹೆಸರು ಕೂಗಿಸಿಕೊಳ್ಳದೆ ಮನೆಗೆ ಹೋದ ಸಾವಿರಾರು ಜನರ ನೆನಪಿನಿಂದ ಆ ಪದ್ಧತಿಯ ಬಗ್ಗೆ ಮನಸ್ಸು ಕಸಿವಿಸಿಗೊಳ್ಳುತ್ತದೆ. 1955ರ ಆ ದಿನದ ಬಗ್ಗೆ ಮಾತ್ರ ಎರಡು ಮಾತಿಲ್ಲ. ದೇವರ ಪ್ರೀತಿ ಆ ಯುವಕನನ್ನು ಮುಟ್ಟಿದ್ದು ದಾರಿಯಲ್ಲಿ ನಿಂತು ಮಾತಾಡಿಸಿದ ಒಬ್ಬ ಬಂಧುವಿನ ಮೂಲಕ.

ಹಾಸಿಗೆ ಹಿಡಿದವರಿಗೆ ಉತ್ತರವೂ ಅಲ್ಲೇ ಇದೆ. ಕೃತಿಯ ಗುರುತನ್ನು ಅವರಿಂದ ಕೇಳುವಂತಿಲ್ಲ, ಅದು ಅವರ ಸುತ್ತಲಿನವರು ಕೊಡಬೇಕಾದ ಬಾಕಿ. ಕಥೋಲಿಕ ಧರ್ಮಕೇಂದ್ರಗಳಲ್ಲಿ ದೇವಾಲಯಕ್ಕೆ ಬರಲಾಗದ ರೋಗಿಗಳ ಮನೆಗೇ ಪರಮಪ್ರಸಾದ ಒಯ್ಯುವ ಪದ್ಧತಿಯಿದೆ. ಹೋಗುವವರು ಒಂದು ಪುಟ್ಟ ಡಬ್ಬಿಯನ್ನು ಎದೆಗೊತ್ತಿಕೊಂಡು ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಹತ್ತುತ್ತಾರೆ, ಹಾಸಿಗೆಯ ಪಕ್ಕ ಕುಳಿತು ಪ್ರಾರ್ಥಿಸುತ್ತಾರೆ, ರೋಗಿಯ ಹೆಸರು ಹೇಳುತ್ತಾರೆ. ಪ್ರೊಟೆಸ್ಟಂಟ್ ಸಭಾಪಾಲಕರ ಮನೆಭೇಟಿಯೂ ಇದೇ ಕೆಲಸ. ನಗರದ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ. ದೇವರು ನಿನ್ನನ್ನು ಪ್ರೀತಿಸುತ್ತಾನೆ ಎಂದು ಗೋಡೆಯ ಮೇಲೆ ಬರೆಸುವ ಸಭೆ, ಆರು ತಿಂಗಳಿಂದ ಬಾರದ ಸದಸ್ಯೆಯ ಬಾಗಿಲು ತಟ್ಟದಿದ್ದರೆ ಆ ಬರಹವನ್ನು ಅವಳು ನಂಬಬೇಕಾದ ಕಾರಣವಿಲ್ಲ.

ನೊವೇನಾದ ಚೀಟಿಗಳ ವಿಷಯದಲ್ಲೂ ಒಂದು ಸಣ್ಣ ಬದಲಾವಣೆ ಆಗಬೇಕು. ಕೃತಜ್ಞತೆಗಳು ಮುಗಿದ ಮೇಲೆ, ಕೇಳಿದ್ದು ಸಿಗದವರ ಚೀಟಿಗಳನ್ನೂ ಅದೇ ದನಿಯಲ್ಲಿ ಓದಲಿ: ಮಗ ಉಳಿಯಲಿಲ್ಲ, ಆದರೂ ಬಂದಿದ್ದೇನೆ, ವೀಸಾ ಎರಡನೇ ಸಲವೂ ಆಗಲಿಲ್ಲ, ಹತ್ತು ವರ್ಷವಾಯಿತು, ಮಡಿಲು ಇನ್ನೂ ಬರಿದು. ಪ್ರೊಟೆಸ್ಟಂಟ್ ಸಭೆಗಳ ಸಾಕ್ಷಿಯ ಸಮಯದಲ್ಲಿ ವಾಸಿಯಾದವರ ಜೊತೆ ವಾಸಿಯಾಗದವರನ್ನೂ ಮುಂದೆ ಕರೆದು ಮಾತಾಡಿಸಲಿ. ಪ್ರಾರ್ಥಿಸಿಯೂ ಸಿಗದವರು ಆ ಬೆಂಚುಗಳಲ್ಲಿ ಸಿಕ್ಕಿದವರಿಗಿಂತ ಕಡಿಮೆ ಇಲ್ಲ. ಅವರ ಬಾಯಿಂದ ಬರುವ ಸಾಕ್ಷಿ ಸಭೆಗೆ ಬೇಕಾಗಿದೆ, ಅದನ್ನು ಕೇಳಿಸಿಕೊಳ್ಳುವ ಐದು ನಿಮಿಷ ಪೂಜೆಯ ಹೊತ್ತಿನಲ್ಲಿ ಖಂಡಿತ ಹೊಂದಿಸಬಹುದು.